ಸ್ಫೂರ್ತಿಯೂ ಒಂದು ಫ್ಲಾಸ್ಕ್ ಕಾಫಿಯೂ

ನಾಯಕತ್ವವನ್ನು ಕುರಿತು ಬರೆಯಲು ನಿಮಗೇನು ಅಧಿಕಾರವೆಂದು ಯಾರಾದರೂ ಕೇಳಿದರೆ ನನ್ನ ಬಳಿ ಇರುವುದು ಒಂದೇ ಉತ್ತರ: ಮೂರು ವರ್ಷಗಳ ಹಿಂದೆ, ಏಳು ದಿನಗಳ ಮಟ್ಟಿಗೆ, ನಾನೂ ಒಬ್ಬ ನಾಯಕನಾಗಿದ್ದೆ. ಐವತ್ತು ಮಂದಿ ವಿದ್ಯಾರ್ಥಿಗಳು, ಹದಿನೆಂಟು ಗುದ್ದಲಿ, ಮೂವತ್ತು ಬಾಣಲಿ, ಹೂಳು ತುಂಬಿದ ಒಂದು ಹಳೆಯ ಕಲ್ಯಾಣಿ—ಇದಿಷ್ಟು ನನ್ನ ಸಾಮ್ರಾಜ್ಯ.

ಕನ್ನಡ ಎಂ.ಎ. ಮಾಡಿ, ಹಳಗನ್ನಡದ ಚಂಪೂಕಾವ್ಯಗಳನ್ನು ಪಾಠ ಹೇಳಿಕೊಂಡು ಸುಖವಾಗಿದ್ದ ನನ್ನನ್ನು ನಮ್ಮ ಪ್ರಿನ್ಸಿಪಾಲರು ಒಂದು ದಿನ ಕರೆದು, ರಾಷ್ಟ್ರೀಯ ಸೇವಾ ಯೋಜನೆಯ ಕಾರ್ಯಕ್ರಮಾಧಿಕಾರಿಯ ಹೊಣೆಯನ್ನು ಹೊರಿಸಿದರು. “ನೀವು ಚೆನ್ನಾಗಿ ಮಾತನಾಡುತ್ತೀರಿ. ಹುಡುಗರನ್ನು ಹುರಿದುಂಬಿಸಬಲ್ಲಿರಿ” ಎಂದರು. ಈ ಪದವಿಯ ಸುದ್ದಿಯನ್ನು ಮನೆಗೆ ಬಂದು ನನ್ನಾಕೆಗೆ ತಿಳಿಸಿದೆ. ಆಕೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದವಳು ತಲೆಯೆತ್ತದೆಯೇ, “ಕುಡಿದ ಲೋಟವನ್ನು ಎತ್ತಿಡದವರು ಪರವೂರಿನ ಕಲ್ಯಾಣಿ ತೊಳೆಯಲು ಹೊರಟಿರಾ?” ಎಂದಳು. ಆ ಮಾತಿನಲ್ಲಿ ಮುಂದಿನ ಕಥೆಯೆಲ್ಲ ಅಡಗಿತ್ತೆಂಬುದು ಆಗ ನನಗೆ ಹೊಳೆಯಲಿಲ್ಲ.

ಸೇವಾ ಯೋಜನೆಯ ಪರಿಚಯವಿಲ್ಲದ ಓದುಗರಿಗಾಗಿ ಒಂದೆರಡು ಮಾತು. ೧೯೬೯ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, ದೇಶದ ೩೭ ವಿಶ್ವವಿದ್ಯಾನಿಲಯಗಳಲ್ಲಿ ೪೦,೦೦೦ ವಿದ್ಯಾರ್ಥಿಗಳೊಡನೆ ಇದು ಆರಂಭವಾಯಿತು. ಎರಡು ವರ್ಷಗಳಲ್ಲಿ ೨೪೦ ಗಂಟೆಗಳ ಸೇವೆಯನ್ನು ಸಲ್ಲಿಸಿ, ಹಳ್ಳಿಯೊಂದರಲ್ಲಿ ಏಳು ದಿನಗಳ ಶಿಬಿರವನ್ನು ಮುಗಿಸಿದ ವಿದ್ಯಾರ್ಥಿಗೆ ಪ್ರಮಾಣಪತ್ರ ದೊರೆಯುತ್ತದೆ. ‘ನನಗಲ್ಲ, ನಿನಗೆ’ ಎಂಬುದು ಇದರ ಧ್ಯೇಯವಾಕ್ಯ. ಈ ವಾಕ್ಯವನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ, ನಮ್ಮ ಬಿಡಾರವಾಗಿದ್ದ ಸರ್ಕಾರಿ ಪ್ರಾಥಮಿಕ ಶಾಲೆಯ ಬಾಗಿಲ ಮೇಲೆ ನಾನೇ ನಿಂತು ಕಟ್ಟಿಸಿದೆ.

ಶಿಬಿರದ ಮೊದಲ ದಿನ ನಾಯಕತ್ವದ ಬಗ್ಗೆ ತರಬೇತಿ ಕೊಡುವ ಮಹನೀಯರೊಬ್ಬರು ಪಟ್ಟಣದಿಂದ ಬಂದರು. ಕೊರಳಿಗೆ ಮೈಕು ಸಿಕ್ಕಿಸಿಕೊಂಡು ಒಂದೂವರೆ ಗಂಟೆ ಮಾತನಾಡಿದರು. ಹುಡುಗರನ್ನು ಎದ್ದು ನಿಲ್ಲಿಸಿದರು, ಕುಣಿಸಿದರು, ಕೈಗೆ ಕೈ ತಟ್ಟಿಸಿದರು, ‘ನಾನು ಗೆಲ್ಲುತ್ತೇನೆ’ ಎಂದು ಮೂರು ಸಲ ಕೂಗಿಸಿದರು. ಶಾಲೆಯ ಹೆಂಚಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಅವರ ಮಾತಿನಲ್ಲಿ ‘ಸ್ಫೂರ್ತಿ’, ‘ಪ್ರೇರಣೆ’ ಎಂಬ ಎರಡು ಶಬ್ದಗಳು ಜೋಡೆತ್ತುಗಳಂತೆ ಒಟ್ಟೊಟ್ಟಿಗೇ ಬರುತ್ತಿದ್ದವು. ಮರುದಿನ ಬೆಳಗ್ಗೆ ಆರೂವರೆಗೆ ಶ್ರಮದಾನದ ಗಂಟೆ ಬಾರಿಸಿದಾಗ ಕಲ್ಯಾಣಿಯ ಬಳಿ ನಿಂತಿದ್ದವರು ಹನ್ನೊಂದು ಮಂದಿ. ಉಳಿದ ಮೂವತ್ತೊಂಬತ್ತು ವಿಜಯಿಗಳು ಹೊದಿಕೆಯೊಳಗೇ ಇದ್ದರು.

ಆ ಮಹನೀಯರನ್ನು ನಾನು ಹಾಸ್ಯ ಮಾಡುತ್ತಿದ್ದೇನೆಂದು ಭಾವಿಸಬಾರದು. ನಾನು ಅವರಿಗಿಂತ ಹೆಚ್ಚಿನದೇನನ್ನೂ ಮಾಡಲಿಲ್ಲ. ಆದರೆ ಆ ಎರಡು ಶಬ್ದಗಳು ನನ್ನ ತಲೆಯಲ್ಲಿ ಉಳಿದುಬಿಟ್ಟವು. ವ್ಯಾಕರಣದ ಮೇಷ್ಟರಿಗೆ ಇದೊಂದು ರೋಗ. ‘ಪ್ರೇರಣೆ’ಯ ಮೂಲದಲ್ಲಿರುವ ಸಂಸ್ಕೃತ ಧಾತುವಿಗೆ ಚಲಿಸುವಂತೆ ಮಾಡು, ಮುಂದಕ್ಕೆ ನೂಕು ಎಂಬ ಅರ್ಥ. ‘ಸ್ಫೂರ್ತಿ’ಯ ಧಾತುವಿಗೆ ಅದಿರು, ಮಿಡಿ, ತಟ್ಟನೆ ಹೊಳೆ ಎಂಬ ಅರ್ಥ. ಕನ್ನಡದಲ್ಲಿ ‘ಪ್ರೇರಿಸು’ ಸಕರ್ಮಕ, ‘ಸ್ಫುರಿಸು’ ಅಕರ್ಮಕ. ಒಬ್ಬನು ಇನ್ನೊಬ್ಬನನ್ನು ಪ್ರೇರಿಸಬಹುದು. ಯಾರನ್ನು ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಬೇಕು. ಆದರೆ ಒಬ್ಬನು ಇನ್ನೊಬ್ಬನನ್ನು ‘ಸ್ಫುರಿಸಲು’ ಬರುವುದಿಲ್ಲ. ಅದು ಅವನಲ್ಲಿ ತಾನಾಗಿಯೇ ಸ್ಫುರಿಸಬೇಕು. ನಮ್ಮ ತರಬೇತುದಾರರು ಅಕರ್ಮಕ ಕ್ರಿಯಾಪದಕ್ಕೆ ಕರ್ಮವನ್ನು ಅಂಟಿಸಲು ಒಂದೂವರೆ ಗಂಟೆ ಹೆಣಗಿದ್ದರು. ಈ ಹೊಳಹಿನಿಂದ ನನಗೆ ಬಹಳ ಸಂತೋಷವಾಯಿತು. ಅದು ಕೇವಲ ಶಬ್ದಗಳ ಸಂತೋಷವಾಗಿತ್ತು.

ಎರಡನೆಯ ದಿನದಿಂದ ನನ್ನ ಪ್ರೇರಣೆಯ ಬತ್ತಳಿಕೆಯನ್ನು ಬಿಚ್ಚಿದೆ. ಐವತ್ತು ಮಂದಿಯನ್ನು ಐದು ತಂಡ ಮಾಡಿ, ಪ್ರತಿ ತಂಡಕ್ಕೂ ನದಿಯ ಹೆಸರಿಟ್ಟೆ. ಹೆಚ್ಚು ಬಾಣಲಿ ಮಣ್ಣು ಎತ್ತಿದ ತಂಡಕ್ಕೆ ರಾತ್ರಿಯ ಊಟದಲ್ಲಿ ಮೊದಲ ಪಂಕ್ತಿ. ಬಾರದವರ ಹೆಸರಿನ ಮುಂದೆ ಕೆಂಪು ಗೆರೆ. ಮೂರು ಕೆಂಪು ಗೆರೆ ಬಿದ್ದರೆ ಪ್ರಮಾಣಪತ್ರವಿಲ್ಲ. ಎಂಟೂವರೆಗೆ ಉಪ್ಪಿಟ್ಟು ಶಾಲೆಯಲ್ಲಲ್ಲ, ಕಲ್ಯಾಣಿಯ ಮೆಟ್ಟಿಲ ಮೇಲೆಯೇ, ಬಂದವರಿಗೆ ಮಾತ್ರ. ಇದೆಲ್ಲ ಫಲಿಸಿತು. ಎರಡನೆಯ ದಿನ ಹನ್ನೊಂದಿದ್ದದ್ದು ಮೂರನೆಯ ದಿನ ನಲವತ್ತಾಯಿತು. ಮೆಟ್ಟಿಲ ಮೇಲೆ ಕೆಳಗಿನಿಂದ ತುದಿಯವರೆಗೆ ಸಾಲಾಗಿ ನಿಂತು ಬಾಣಲಿಗಳನ್ನು ಕೈಯಿಂದ ಕೈಗೆ ದಾಟಿಸುವ ಆ ದೃಶ್ಯ ನಿಜವಾಗಿಯೂ ಸೊಗಸಾಗಿತ್ತು. ಕಪ್ಪು ಹೂಳಿನೊಳಗಿಂದ ಒಂದೊಂದೇ ಮೆಟ್ಟಿಲು ಕಾಣಿಸಿಕೊಳ್ಳುತ್ತಿತ್ತು. ಪ್ರೇರಣೆಯನ್ನು ಕೀಳಾಗಿ ಕಾಣುವವರಿಗೆ ನಾನು ಹೇಳುವುದಿಷ್ಟೆ: ಉಪ್ಪಿಟ್ಟಿಲ್ಲದೆ ಯಾವ ಕಲ್ಯಾಣಿಯೂ ಶುದ್ಧವಾಗಲಾರದು.

ಆದರೆ ಮೂರನೆಯ ದಿನವೇ ಒಂಬತ್ತು ಗಂಟೆಗೆ ಕಾಲೇಜಿನಿಂದ ಕರೆ ಬಂದು, ಯಾವುದೋ ಅಂಕಪಟ್ಟಿಗೆ ಸಹಿ ಹಾಕಲು ನಾನು ಹೋಗಬೇಕಾಯಿತು. ಸಂಜೆ ಹಿಂದಿರುಗಿ ವಿಚಾರಿಸಿದರೆ, ನನ್ನ ಬಸ್ಸು ಊರ ಗಡಿ ದಾಟಿದ ಹತ್ತು ನಿಮಿಷಕ್ಕೆ ಗುದ್ದಲಿಗಳು ಒರಗಿದ್ದುವಂತೆ. ಹುಡುಗರು ಆಲದ ಮರದ ಕೆಳಗೆ ಅಂತ್ಯಾಕ್ಷರಿ ಆಡಿದರಂತೆ. ಕೆಂಪು ಗೆರೆ ಎಳೆಯುವ ಕೈ ಊರಿನಲ್ಲಿಲ್ಲದಿದ್ದಾಗ ಗೆರೆಯ ಭಯವೆಲ್ಲಿಯದು? ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಯಂತ್ರ ನಾನಿರುವಾಗ ಮಾತ್ರ ನಡೆಯುತ್ತದೆಂಬುದು ತಿಳಿದು ಸ್ವಲ್ಪ ಮುಖಭಂಗವಾಯಿತು, ಅಷ್ಟೆ.

‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ನಾವೆಲ್ಲ ಆಡುತ್ತೇವೆ. ಆದರೆ ಆ ಕಥೆಯ ಉತ್ತರಾರ್ಧವನ್ನು ಯಾರೂ ಗಾದೆ ಮಾಡಲಿಲ್ಲ. ಕೌರವರ ಸೇನೆಯನ್ನು ಕಂಡು ರಥದಿಂದ ಧುಮುಕಿ ಓಡಿದ ಉತ್ತರಕುಮಾರನನ್ನು ಬೃಹನ್ನಳೆ ಹಿಡಿದು ತಂದು, ಕ್ಷತ್ರಿಯ ಧರ್ಮವನ್ನು ಹೇಳಿದಳು, ಮಾನಾಪಮಾನಗಳನ್ನು ಹೇಳಿದಳು. ಯಾವುದೂ ಅವನ ಕಿವಿಗೆ ಬೀಳಲಿಲ್ಲ. ಕೊನೆಗೆ ಶಮೀವೃಕ್ಷದಿಂದ ಗಾಂಡೀವವನ್ನು ಇಳಿಸಿಕೊಂಡು ಅರ್ಜುನನು ತಾನೇ ಹೋರಾಡಲು ನಿಂತಾಗ, ಅದೇ ಹುಡುಗ ಕುದುರೆಗಳ ಹಗ್ಗ ಹಿಡಿದು ಭೀಷ್ಮ ದ್ರೋಣರ ಎದುರಿಗೆ ರಥವನ್ನು ನಡೆಸಿದನು. ಆಮೇಲೆ ಅರ್ಜುನನು ಅವನಿಗೆ ಉಪದೇಶ ಮಾಡುವ ಅಗತ್ಯ ಬೀಳಲಿಲ್ಲ. ಅರ್ಜುನನಿಗೆ ಬೇರೆ ಕೆಲಸವಿತ್ತು.

ಈಗ ಕಾಫಿಯ ವಿಷಯಕ್ಕೆ ಬರಬೇಕು. ಶಿಬಿರದಲ್ಲಿ ಬೆಳಗ್ಗೆ ಎಲ್ಲರಿಗೂ ಚಹಾ. ಸೌದೆಯ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಬೆಲ್ಲ ಹಾಕಿ ಕುದಿಸಿದ ಆ ಪಾನೀಯಕ್ಕೆ ಚಹಾದ ವಾಸನೆಗಿಂತ ಹೊಗೆಯ ವಾಸನೆಯೇ ಹೆಚ್ಚಾಗಿತ್ತು. ನಾನು ಕಾಫಿಯ ವಂಶದವನು. ನನ್ನ ತಂದೆ, ಅವರ ತಂದೆ, ಎಲ್ಲರೂ ಬೆಳಗಿನ ಫಿಲ್ಟರ್ ಕಾಫಿಯಾಗದೆ ದೇವರಿಗೂ ಕೈ ಮುಗಿದವರಲ್ಲ. ನಾಲ್ಕು ಕಿಲೋಮೀಟರ್ ದೂರದ ಹೋಬಳಿ ಊರಿನಲ್ಲಿ ಒಂದು ಹೋಟೆಲು. ಅಲ್ಲಿ ಐದೂವರೆಗೇ ಡಿಕಾಕ್ಷನ್ ಸಿದ್ಧವಾಗುತ್ತದೆಂದು ಮೊದಲ ದಿನವೇ ಪತ್ತೆ ಹಚ್ಚಿದ್ದೆ. ಎರಡನೆಯ ವರ್ಷದ ಬಿ.ಎ. ಓದುತ್ತಿದ್ದ ಒಬ್ಬ ಹುಡುಗ, ಕಡಿಮೆ ಮಾತಿನವನು, ಶಾಲೆಯ ಜವಾನರ ಸೈಕಲ್ಲನ್ನು ಕೇಳಿ ಪಡೆದು, ನನ್ನ ಫ್ಲಾಸ್ಕಿನಲ್ಲಿ ಆ ಕಾಫಿಯನ್ನು ತರತೊಡಗಿದ. ಅವನಿಗೆ ಶ್ರಮದಾನದ ಮೊದಲ ಅರ್ಧ ಗಂಟೆ ರಿಯಾಯಿತಿ. ಹಾಜರಿಯಲ್ಲಿ ಪೂರ್ತಿ ಲೆಕ್ಕ. ಇದನ್ನು ನಾನು ಕೇಳಿದ್ದೆನೋ ಅವನೇ ಮುಂದೆ ಬಂದಿದ್ದನೋ, ಈಗ ನೆನಪಿಲ್ಲ. ಆರೂವರೆಗೆ ಹುಡುಗರು ಗುದ್ದಲಿ ಹಿಡಿದು ಹೊರಡುವಾಗ ನಾನು ಶಾಲೆಯ ಜಗಲಿಯ ಮೇಲೆ ಕುಳಿತು, ಆ ಕಾಫಿಯನ್ನು ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸಿಕೊಂಡು ಕುಡಿಯುತ್ತಿದ್ದೆ. ನನ್ನ ತಲೆಯ ಮೇಲೆ ‘ನನಗಲ್ಲ, ನಿನಗೆ’ ಎಂಬ ಬಟ್ಟೆ ಗಾಳಿಗೆ ಆಡುತ್ತಿತ್ತು.

ನಾಲ್ಕನೆಯ ದಿನದ ಸಂಜೆಯ ಉಪನ್ಯಾಸ ನನ್ನದೇ. ವಿಷಯ, ದಂಡಿಯಾತ್ರೆ. ಮಧ್ಯಾಹ್ನ ಊಟವಾದ ಮೇಲೆ ಚಾಪೆಯ ಮೇಲೆ ಒರಗಿ, ಪೆಟ್ಟಿಗೆಯಲ್ಲಿ ತಂದಿದ್ದ ಪುಸ್ತಕಗಳಿಂದ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ೧೯೩೦ರ ಮಾರ್ಚ್ ೧೨ರಂದು ಸಾಬರಮತಿಯಿಂದ ೭೮ ಮಂದಿಯೊಡನೆ ಹೊರಟ ಗಾಂಧೀಜಿಗೆ ಆಗ ಅರುವತ್ತು ವರ್ಷ. ೨೪ ದಿನ, ಸುಮಾರು ೨೪೦ ಮೈಲಿ. ನಮ್ಮ ಸೇವಾ ಯೋಜನೆಯ ೨೪೦ ಗಂಟೆಗೂ ಈ ೨೪೦ ಮೈಲಿಗೂ ಒಂದು ಚಮತ್ಕಾರದ ಸಂಬಂಧ ಕಲ್ಪಿಸಿ ಉಪನ್ಯಾಸವನ್ನು ಆರಂಭಿಸಬೇಕೆಂದು ಯೋಚಿಸಿದೆ. ಜೊತೆಯಲ್ಲಿ ಒಂದು ಕುದುರೆಯಿತ್ತು, ಅವರು ಅದನ್ನು ಏರಲಿಲ್ಲ. ಅವರು ಏರ್ಪಾಡುಗಳಲ್ಲಿಯೂ ಜಾಣರೇ. ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳ ಒಂದು ತಂಡ ಮೊದಲೇ ಹಳ್ಳಿಹಳ್ಳಿಗೆ ಹೋಗಿ ಬಿಡಾರ, ನೀರು ಮುಂತಾದುವನ್ನು ಸಿದ್ಧಪಡಿಸುತ್ತಿತ್ತು. ಯಾತ್ರಿಕರಿಗೆ ಪ್ರಾರ್ಥನೆ, ನೂಲುವುದು, ದಿನಚರಿ ಬರೆಯುವುದು ಇವು ತಪ್ಪಿಸಬಾರದ ನಿಯಮಗಳಾಗಿದ್ದುವು. ಇದೆಲ್ಲ ನನ್ನ ಐದು ತಂಡಗಳ ವ್ಯವಸ್ಥೆಗೆ ಸಮೀಪದ ಬಂಧುವೇ ಎಂದುಕೊಂಡು ಹಿಗ್ಗಿದೆ.

ಹೀಗೆ ಓದುತ್ತ ಭಾಟಗಾಮ ಎಂಬ ಹಳ್ಳಿಗೆ ಬಂದೆ. ಮಾರ್ಚ್ ೨೯. ಯಾತ್ರೆ ಅಷ್ಟು ಹೊತ್ತಿಗೆ ದೇಶದ ಕಣ್ಮಣಿಯಾಗಿತ್ತು. ಜನ ಕಿಕ್ಕಿರಿದು ನಿಲ್ಲುತ್ತಿದ್ದರು. ಯಾತ್ರಿಕರ ಉಪಚಾರ ದಿನದಿನಕ್ಕೆ ಬೆಳೆದಿತ್ತು. ಸೂರತ್ತಿನಿಂದ ಮೋಟಾರು ಲಾರಿಯಲ್ಲಿ ಹಾಲು ಬಂದಿತ್ತು, ತರಕಾರಿ ಬಂದಿತ್ತು. ರಾತ್ರಿಯ ನಡಿಗೆಗೆ ಭಾರವಾದ ಸೀಮೆಎಣ್ಣೆಯ ದೀಪವನ್ನು ಒಬ್ಬ ಬಡ ಕೂಲಿಯವನು ತಲೆಯ ಮೇಲೆ ಹೊತ್ತು, ಬೇಗ ಬೇಗ ನಡೆಯೆಂಬ ಅವಸರದ ಮಾತು ಕೇಳುತ್ತ ಓಡುತ್ತಿದ್ದನು. ಇದು ಗಾಂಧೀಜಿಯವರ ಗಮನಕ್ಕೆ ಬಂತು. ಆ ಸಂಜೆ ಸಾವಿರಾರು ಜನರ ಎದುರಿನಲ್ಲಿ ಅವರು ಉಪ್ಪಿನ ಕಾಯಿದೆಯನ್ನಾಗಲಿ, ಬ್ರಿಟಿಷರನ್ನಾಗಲಿ ಮೊದಲು ಹಿಡಿಯಲಿಲ್ಲ. ತಮ್ಮನ್ನೂ ತಮ್ಮವರನ್ನೂ ಹಿಡಿದರು. ಇದೇ ತಿಂಗಳ ೨ರಂದು ವೈಸರಾಯ್ ಇರ್ವಿನ್ನರಿಗೆ ಪತ್ರ ಬರೆದು, ನಿಮ್ಮ ಸಂಬಳ ದಿನಕ್ಕೆ ೭೦೦ ರೂಪಾಯಿಗೂ ಹೆಚ್ಚು, ಭಾರತೀಯನ ಸರಾಸರಿ ವರಮಾನ ದಿನಕ್ಕೆ ೨ ಆಣೆಗೂ ಕಡಿಮೆ ಎಂದು ಲೆಕ್ಕ ತೋರಿಸಿದ್ದವರು ಅವರು. ಜನರ ವರಮಾನಕ್ಕೆ ಮೀರಿ ತಾವೇ ತಿನ್ನುತ್ತಿರುವಾಗ ಹಾಗೆ ಬರೆಯಲು ತಮಗೇನು ಹಕ್ಕಿದೆ ಎಂಬುದು ಅವರ ಪ್ರಶ್ನೆಯಾಗಿತ್ತು.

ನಾನು ಪುಸ್ತಕವನ್ನು ಎದೆಯ ಮೇಲೆ ಮಗುಚಿಟ್ಟೆ. ಎದುರಿಗೆ ಕಿಟಕಿಯ ಕಟ್ಟೆಯ ಮೇಲೆ ನನ್ನ ಫ್ಲಾಸ್ಕು, ತೊಳೆದು ಬೋರಲು ಹಾಕಿದ್ದು, ಇತ್ತು.

ಸಂಜೆಯ ಉಪನ್ಯಾಸ ಚೆನ್ನಾಗಿಯೇ ಆಯಿತು. ನಮ್ಮ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು, ಇನ್ನೂ ಹತ್ತೊಂಬತ್ತು ತುಂಬದ ತರುಣ, ಆ ತಂಡದಲ್ಲಿದ್ದ ಏಕೈಕ ಕನ್ನಡಿಗರೆಂದಾಗ ಹುಡುಗರು ನೆಟ್ಟಗೆ ಕುಳಿತರು. ಏಪ್ರಿಲ್ ೬ರಂದು ದಂಡಿಯಲ್ಲಿ ಹಿಡಿ ಉಪ್ಪು ಎತ್ತಿದ್ದು. ಒಂದೇ ವಾರದಲ್ಲಿ, ೧೩ರಂದು, ನಮ್ಮ ಅಂಕೋಲೆಯ ಕಡಲ ತೀರದಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪು ಮಾಡಿದ್ದು. ಮೇ ತಿಂಗಳ ಮೊದಲ ವಾರದಲ್ಲಿ ಗಾಂಧೀಜಿಯವರನ್ನು ಬಂಧಿಸಿ ಯರವಡಾ ಸೆರೆಮನೆಗೆ ಒಯ್ದ ಮೇಲೂ, ೨೧ರಂದು ಧಾರಾಸನದ ಉಪ್ಪಿನ ಕೋಠಿಯ ಎದುರಿಗೆ ಸರೋಜಿನಿ ನಾಯಿಡು ಅವರ ನೇತೃತ್ವದಲ್ಲಿ ಸ್ವಯಂಸೇವಕರು ಸಾಲುಸಾಲಾಗಿ ನಡೆದು, ಕೈಯೆತ್ತದೆ ಲಾಠಿಯ ಏಟಿಗೆ ತಲೆಯೊಡ್ಡಿದ್ದು—ಎಲ್ಲವನ್ನೂ ಬಣ್ಣಿಸಿದೆ. “ನಾಯಕನು ಇರುವಾಗ ನಡೆಯುವುದು ಪ್ರೇರಣೆಯಿಂದ, ಅವನು ಇಲ್ಲದಿರುವಾಗಲೂ ನಡೆಯುವುದು ಸ್ಫೂರ್ತಿಯಿಂದ” ಎಂದು, ಮೂರನೆಯ ದಿನದ ಅಂತ್ಯಾಕ್ಷರಿಯ ಕಡೆಗೆ ಒಂದು ಬಾಣ ಬಿಟ್ಟೆ. ಮುಂದಿನ ಸಾಲಿನ ಹುಡುಗಿಯರು ಅದನ್ನು ಬರೆದುಕೊಂಡರು.

ಭಾಟಗಾಮದ ಪ್ರಸಂಗವನ್ನು ನಾನು ಹೇಳಲಿಲ್ಲ. ಸಮಯವಿತ್ತು, ಟಿಪ್ಪಣಿಯೂ ಕೈಯಲ್ಲಿತ್ತು. ಆ ಹಾಳೆಯನ್ನು ಮಗುಚಿ ಮುಂದಿನ ಹಾಳೆಗೆ ಹೋದೆ.

ಕೊನೆಗೆ ಪ್ರಶ್ನೆಗಳಿದ್ದರೆ ಕೇಳಿ ಎಂದೆ. ಯಾರೂ ಏಳಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಆ ಕಾಫಿಯ ಹುಡುಗ ಎದ್ದ. “ಸಾರ್, ಅಷ್ಟು ದಿನ ಒಟ್ಟಿಗೆ ನಡೆದರಲ್ಲ, ಗಾಂಧೀಜಿ ತಮ್ಮ ಜೊತೆಯವರನ್ನು ಒಂದು ಸಲವಾದರೂ ಬೈಯಲಿಲ್ಲವೇ?” ಎಂದ. ಅವನ ಮುಖದಲ್ಲಿ ಕಪಟವಿರಲಿಲ್ಲ. ದಿನಾ ನನ್ನ ಬೈಗುಳ ಕೇಳುತ್ತಿದ್ದವರ ಸಹಜ ಕುತೂಹಲವಷ್ಟೆ. “ಬೈದರಪ್ಪಾ, ಬೈದರು. ಅದು ಬೇರೆ ಸಂಗತಿ. ಈಗ ಊಟಕ್ಕೆ ಹೊತ್ತಾಯಿತು” ಎಂದು ಸಭೆಯನ್ನು ಮುಗಿಸಿದೆ.

ಆ ರಾತ್ರಿ ನಿದ್ರೆ ಹತ್ತಿರ ಸುಳಿಯಲಿಲ್ಲ. ಸೊಳ್ಳೆಗಳೂ ಕಾರಣವೇ; ಎಲ್ಲವನ್ನೂ ಅಂತರಾತ್ಮದ ಲೆಕ್ಕಕ್ಕೆ ಬರೆಯಬಾರದು. ನನ್ನನ್ನು ಕಾಡಿದ್ದು ಕಾಫಿಯಲ್ಲ. ಒಬ್ಬ ಉಪಾಧ್ಯಾಯ ಕಾಫಿ ಕುಡಿದರೆ ಧರ್ಮಕ್ಕೆ ಹಾನಿಯೇನೂ ಇಲ್ಲ. ಆ ಹಾಳೆಯನ್ನು ಮಗುಚಿದ ಕೈ ನನ್ನದೆಂಬುದು ಕಾಡಿತು. ಹುಡುಗರನ್ನು ಏಳಿಸಲು ನನ್ನಲ್ಲಿ ಉಪ್ಪಿಟ್ಟಿತ್ತು, ಕೆಂಪು ಗೆರೆಯಿತ್ತು, ಧಾರಾಸನವಿತ್ತು, ಮೈಲಾರ ಮಹಾದೇವಪ್ಪನವರೂ ಇದ್ದರು. ಹೌದು, ಅವರನ್ನೂ ನಾನು ಉಪ್ಪಿಟ್ಟಿನಂತೆಯೇ ಬಳಸಿದ್ದೆ. ೧೯೪೩ರ ಏಪ್ರಿಲ್ ೧ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಒಬ್ಬ ಮನುಷ್ಯನನ್ನು, ಬೆಳಗ್ಗೆ ಆರೂವರೆಗೆ ಹುಡುಗರನ್ನು ಹೊದಿಕೆಯಿಂದ ಹೊರಡಿಸುವ ಉಪಾಯವನ್ನಾಗಿ ಮಾಡಿಕೊಂಡಿದ್ದೆ. ಆ ಎಲ್ಲ ಕಥೆಗಳಲ್ಲಿಯೂ ನನ್ನ ಕಡೆಗೆ ತಿರುಗುವ ಒಂದೇ ಒಂದು ಎಳೆಯನ್ನು ಆರಿಸಿ ಹೊರಗಿಟ್ಟಿದ್ದೆ, ನನ್ನಾಕೆ ಅಕ್ಕಿಯಿಂದ ಕಲ್ಲನ್ನು ಆರಿಸುವಂತೆ. ಭಾಟಗಾಮದಲ್ಲಿ ಆ ಮುದುಕರು ಯಾರನ್ನೂ ಪ್ರೇರಿಸಲು ನಿಂತಿರಲಿಲ್ಲವೆಂದು ನನಗೆ ತೋರಿತು. ಪ್ರೇರಿಸಬೇಕೆಂದಿದ್ದರೆ ಅಷ್ಟೊಂದು ಜನರೆದುರು ತಮ್ಮ ತಂಡದ ಹುಳುಕನ್ನು ಯಾರು ತೆಗೆಯುತ್ತಾರೆ? ಜಾಣ ನಾಯಕನು ಅಂಥ ಮಾತನ್ನು ಕೋಣೆಯೊಳಗೆ ಕರೆದು ಹೇಳುತ್ತಾನೆ. ಅವರು ತಮ್ಮ ಲೆಕ್ಕವನ್ನು ತಾವು ನೋಡಿಕೊಳ್ಳುತ್ತಿದ್ದರು, ಜನ ಪಕ್ಕದಲ್ಲಿ ನಿಂತು ನೋಡಿದರು.

ಇಷ್ಟೆಲ್ಲ ಯೋಚಿಸಿದ ಮೇಲೆ ಮರುದಿನ ಬೆಳಗ್ಗೆ ಏನು ಮಾಡಿದೆನೆಂದು ಕೇಳುತ್ತೀರಲ್ಲವೇ? ಹುಡುಗ ಎಂದಿನಂತೆ ಆರೂಕಾಲಿಗೆ ಫ್ಲಾಸ್ಕು ತಂದಿಟ್ಟ. ನಾನು ಎಂದಿನಂತೆ ಕುಡಿದೆ. ಕಾಫಿ ಬಹಳ ಚೆನ್ನಾಗಿತ್ತು. ಅದೇ ತೊಂದರೆ.

ಕುಡಿದು ಮುಗಿಸಿ, “ನಾಳೆಯಿಂದ ಬೇಡಪ್ಪ” ಎಂದೆ. “ಏಕೆ ಸಾರ್, ಕಾಫಿ ಸರಿಯಿಲ್ಲವೇ? ಬೇರೆ ಹೋಟೆಲೂ ಇದೆ” ಎಂದ. “ಸರಿಯಾಗಿಯೇ ಇದೆ. ಬೇಡ” ಎಂದೆ. ಅವನ ಮುಖ ಸ್ವಲ್ಪ ಸಣ್ಣಗಾಯಿತು. ನನ್ನ ಮಾತಿನಲ್ಲಿ ಏನೋ ಅಸಮಾಧಾನವಿದೆಯೆಂದು ಅವನು ತಿಳಿದಿರಬೇಕು. ವಿವರಿಸಲು ನನಗೆ ಬಾಯಿ ಬರಲಿಲ್ಲ. ಅಂದು ಪ್ಯಾಂಟನ್ನು ಮಡಿಸಿ ಕಲ್ಯಾಣಿಗೆ ಇಳಿದೆ. ಮೂರನೆಯ ಮೆಟ್ಟಿಲ ಮೇಲೆ ಜಾರಿ, ಹೂಳಿನಲ್ಲಿ ಸೊಂಟದವರೆಗೆ ಹೂತುಹೋದೆ. ಇಬ್ಬರು ಹುಡುಗಿಯರು ಗುದ್ದಲಿಯ ಕಾವನ್ನು ಚಾಚಿ ನನ್ನನ್ನು ಎಳೆದರು. ಸಂಜೆ, ಆ ದಿನದ ಉಪನ್ಯಾಸಕರು ಬಾರದೇ ಇದ್ದದ್ದರಿಂದ, ಎದ್ದು ನಿಂತು ಭಾಟಗಾಮದ ಕಥೆಯನ್ನು ಹೇಳಿದೆ. ನಿನ್ನೆ ಅದನ್ನು ಏಕೆ ಬಿಟ್ಟೆನೆಂಬುದನ್ನೂ ಹೇಳಿದೆ. ಸೂರತ್ತಿನ ಹಾಲಿನ ಹೆಸರು ಬಂದೊಡನೆ ಹುಡುಗರ ಕಣ್ಣುಗಳೆಲ್ಲ ಕಿಟಕಿಯ ಕಟ್ಟೆಯ ಕಡೆಗೆ ಹೊರಳಿದುವು. ನಾಲ್ಕು ದಿನಗಳಿಂದ ಎಲ್ಲರೂ ಅದನ್ನು ನೋಡಿದ್ದರೆಂಬುದು ಆಗ ತಿಳಿಯಿತು. ಕೆಲವು ಕ್ಷಣ ಸದ್ದಿಲ್ಲ. ಆಮೇಲೆ ನನ್ನನ್ನು ಹೂಳಿನಿಂದ ಎಳೆದಿದ್ದ ಹುಡುಗಿಯರಲ್ಲಿ ಒಬ್ಬಳು, “ಹಾಗಾದರೆ ಸಾರ್, ನಾಳೆಯಿಂದ ನಿಮಗೂ ಹೊಗೆ ಟೀಯೇ?” ಎಂದಳು. ಶಾಲೆಯೆಲ್ಲ ನಕ್ಕಿತು. ನಾನು ನಿರೀಕ್ಷಿಸಿದ್ದ ಗಾಂಭೀರ್ಯ ಇದಾಗಿರಲಿಲ್ಲ.

ಇದರಿಂದ ಶಿಬಿರದ ಸ್ವರೂಪವೇ ಬದಲಾಯಿತೆಂದು ಹೇಳಿದರೆ ಕಥೆಗೆ ಶೋಭೆ ಬಂದೀತು, ಆದರೆ ಸುಳ್ಳಾದೀತು. ಐದನೆಯ ದಿನ ಮೂವತ್ತೊಂಬತ್ತು ಮಂದಿ ಬಂದಿದ್ದರು. ಆರನೆಯ ದಿನ ನಲವತ್ತೆರಡು. ಆ ಹೆಚ್ಚಿನ ಮೂವರಲ್ಲಿ ಇಬ್ಬರು ಹೊಟ್ಟೆನೋವಿನಿಂದ ಚೇತರಿಸಿಕೊಂಡವರು. ಒಂದು ಸಂಗತಿ ಮಾತ್ರ ನಡೆಯಿತು. ಆರನೆಯ ದಿನವೂ ಕಾಲೇಜಿನಿಂದ ಕರೆ ಬಂದು ನಾನು ಹೋಗಬೇಕಾಯಿತು. ಸಂಜೆ ಐದಕ್ಕೆ ಹಿಂದಿರುಗಿದಾಗ ಹುಡುಗರು ಇನ್ನೂ ಕಲ್ಯಾಣಿಯಲ್ಲಿಯೇ ಇದ್ದರು. ಮೆಚ್ಚಿಕೊಳ್ಳಲು ಬಾಯಿ ತೆರೆಯುವ ಮೊದಲೇ ಊರಿನ ಹಿರಿಯರೊಬ್ಬರು ನನ್ನ ಮೇಲೆ ರೇಗಾಡಿದರು. ಹೂಳನ್ನು ಪಂಚಾಯಿತಿ ತೋರಿಸಿದ ಹಳ್ಳಕ್ಕೆ ಹಾಕದೆ, ಕಾಫಿಯ ಹುಡುಗನ ಮಾತು ಕೇಳಿ, ಇಡೀ ದಿನ ಒಬ್ಬ ವಿಧವೆಯ ತುಂಡು ಹೊಲಕ್ಕೆ ಹೊತ್ತು ಹಾಕಿದ್ದರು. ಕಲ್ಯಾಣಿಯ ಹೂಳು ಒಳ್ಳೆಯ ಗೊಬ್ಬರ. ಅದಕ್ಕೆ ಊರಿನಲ್ಲಿ ಬೇರೆ ಬೇಡಿಕೆದಾರರಿದ್ದರು. ನಾನು ಎರಡು ಗಂಟೆ ಕಾಲ ಎಲ್ಲರನ್ನೂ ಸಮಾಧಾನಪಡಿಸಬೇಕಾಯಿತು. ಆ ಹೊಲದ ಆಲೋಚನೆ ಅವರಿಗೆ ಯಾರಿಂದ ಬಂತೆಂದು ಬಹಳ ವಿಚಾರಿಸಿದೆ. ಆ ಹೆಂಗಸು ಮಧ್ಯಾಹ್ನ ಒಂದು ಕೊಡ ಮಜ್ಜಿಗೆ ತಂದುಕೊಟ್ಟಿದ್ದಳಂತೆ. ಹುಡುಗರು ದುಡಿದದ್ದು ಭಾಟಗಾಮಕ್ಕಾಗಿಯೋ ಮಜ್ಜಿಗೆಗಾಗಿಯೋ, ನನಗಿನ್ನೂ ಗೊತ್ತಿಲ್ಲ. ಪ್ರೇರಣೆಗಾದರೆ ಕೆಂಪು ಗೆರೆಯ ಪುಸ್ತಕವಿದೆ; ಎಷ್ಟು ಕೊಟ್ಟೆ, ಎಷ್ಟು ಬಂತು ಎಂದು ಕೂಡಿ ಕಳೆಯಬಹುದು. ಇನ್ನೊಂದಕ್ಕೆ ಅಂಥ ಪುಸ್ತಕವಿಲ್ಲ. ಯಾವ ನಾಯಕನಾದರೂ ‘ನಾನು ಇಂಥವನಿಗೆ ಸ್ಫೂರ್ತಿ ಕೊಟ್ಟೆ’ ಎಂದು ಹೇಳಿಕೊಂಡರೆ ಅಂದಿನಿಂದ ನನಗೆ ವ್ಯಾಕರಣದೋಷವೊಂದು ಕಿವಿಗೆ ಬಿದ್ದಂತಾಗುತ್ತದೆ.

ಆ ಹುಡುಗ ಪದವಿ ಮುಗಿಸಿ ಹೋದ. ನಾನು ಅವನನ್ನು ಮರೆತಿದ್ದೆನೆನ್ನಲಾರೆ. ನನ್ನ ಉಪನ್ಯಾಸಗಳಲ್ಲಿ ಅವನ ಪ್ರಶ್ನೆಯನ್ನು ಎರಡು ಮೂರು ಸಲ ಉಪಯೋಗಿಸಿಕೊಂಡೂ ಇದ್ದೆ. ಹೋದ ವರ್ಷ ಜಿಲ್ಲಾ ಕೇಂದ್ರದ ಬಸ್ ನಿಲ್ದಾಣದಲ್ಲಿ ಯಾರೋ “ಸಾರ್” ಎಂದರು. ತಿರುಗಿ ನೋಡಿದರೆ ಅವನೇ. ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾನಂತೆ. ಬೇಡವೆಂದರೂ ಬಿಡದೆ ನಿಲ್ದಾಣದ ಎದುರಿನ ಹೋಟೆಲಿಗೆ ಕರೆದೊಯ್ದು ಎರಡು ಕಾಫಿ ಹೇಳಿದ. ಶಿಬಿರದ ಮಾತು ಬಂತು. ಕಲ್ಯಾಣಿಯಲ್ಲಿ ಈಗ ನೀರು ನಿಂತಿದೆಯೆಂದೂ, ತಾನು ಒಮ್ಮೆ ಹೋಗಿ ನೋಡಿ ಬಂದೆನೆಂದೂ ಹೇಳಿದ. ನಾನು ಸ್ವಲ್ಪ ಆಸೆಯಿಂದಲೇ, “ಆ ಏಳು ದಿನಗಳಲ್ಲಿ ನಿನಗೆ ಹೆಚ್ಚು ನೆನಪಿರುವುದು ಯಾವುದಪ್ಪಾ?” ಎಂದು ಕೇಳಿದೆ.

ಅವನು ಲೋಟವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದ.

“ಬೆಳಗಿನ ಜಾವ ಸೈಕಲ್ಲಿನಲ್ಲಿ ಹೋಗುತ್ತಿದ್ದೆನಲ್ಲ ಸಾರ್, ಅದು. ಕೆರೆ ಏರಿಯ ಮೇಲೆ ಮಂಜು ಇರುತ್ತಿತ್ತು, ಯಾರೂ ಇರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಸೈಕಲ್ ಇರಲಿಲ್ಲ ಸಾರ್. ನೀವು ಐದನೆಯ ದಿನ ನಿಲ್ಲಿಸಿಬಿಟ್ಟಿರಿ” ಎಂದ.